ಐರಿಶ್ ಪುರಾಣ ಕೆಲ್ಟರ ಕಾಲಕ್ಕೆ ಸಾಕ್ಷಿಯೇ?

ಪರ: ಬರಹ ತಡವಾಯಿತು, ಕಥೆ ಹಳೆಯದೇ

ಐರ್ಲೆಂಡಿನ ಪುರಾಣಕಥೆಗಳನ್ನು ಬರೆದಿಟ್ಟವರು ಮಧ್ಯಯುಗದ ಕ್ರೈಸ್ತ ಮಠದವರು. ಆದರೂ ಅವುಗಳಲ್ಲಿ ಕಬ್ಬಿಣಯುಗದ ಕೆಲ್ಟರ, ಅಂದರೆ ಕ್ರಿಸ್ತಪೂರ್ವ ಯುರೋಪಿನ ಬುಡಕಟ್ಟುಗಳ, ಬದುಕು ಉಳಿದಿದೆಯೇ? ಒಂದು ಕಥೆ ನೋಡಿ: ಮಕ್ ದಾ ಥೋ ಎಂಬ ದೊರೆಯ ಮನೆಯಲ್ಲಿ ಔತಣ. ಬೆಂದ ಹಂದಿಯನ್ನು ಕೊಯ್ದು ಹಂಚುವ ಹಕ್ಕು ಯಾವ ವೀರನದು ಎಂದು ಜಗಳ ಹತ್ತುತ್ತದೆ. ಕನ್ನಾಕ್ಟ್ ಪ್ರಾಂತ್ಯದ ಕೆಟ್ ಎದುರು ನಿಂತವರನ್ನೆಲ್ಲ ಹೀಯಾಳಿಸಿ ಕೂರಿಸಿ, ಚೂರಿ ಕೈಗೆತ್ತಿಕೊಳ್ಳುತ್ತಾನೆ. ಅಷ್ಟರಲ್ಲಿ ವೈರಿ ಪ್ರಾಂತ್ಯ ಅಲ್ಸ್ಟರಿನ ಕೊನಲ್ ಬರುತ್ತಾನೆ. ‘ನನ್ನ ಸೋದರ ಆನ್ಲುವಾನ್ ಇದ್ದಿದ್ದರೆ ನಿನಗೆ ತಕ್ಕವನಾಗುತ್ತಿದ್ದ’ ಎಂದು ಕೆಟ್ ಗೊಣಗುತ್ತಾನೆ. ‘ಇದ್ದಾನಲ್ಲ’ ಎನ್ನುತ್ತ ಕೊನಲ್ ತನ್ನ ಸೊಂಟಪಟ್ಟಿಯಿಂದ ಆನ್ಲುವಾನನ ತಲೆಯನ್ನು ತೆಗೆದು ಕೆಟ್‌ನ ಎದೆಗೆ ಬೀಸಿ ಎಸೆಯುತ್ತಾನೆ.

ಇದು ಬರೀ ಕಲ್ಪನೆಯೇ? ಕ್ರಿಸ್ತಪೂರ್ವ ಮೊದಲ ಶತಮಾನದ ಗ್ರೀಕ್ ಪಂಡಿತ ಪೊಸಿಡೋನಿಯಸ್ ಗಾಲ್ ನಾಡಿನ (ಇಂದಿನ ಫ್ರಾನ್ಸ್ ಮತ್ತು ಸುತ್ತಲಿನ ಪ್ರದೇಶ) ಕೆಲ್ಟರ ಬಗ್ಗೆ ಬರೆದದ್ದರಲ್ಲಿ ಇತರರು ಎತ್ತಿ ಬರೆದ ತುಣುಕುಗಳಷ್ಟೇ ಉಳಿದಿವೆ. ಹಿಂದಿನ ಕಾಲದಲ್ಲಿ ತೊಡೆಯ ಮಾಂಸ ಶೂರನಿಗೆ ಸಲ್ಲುತ್ತಿತ್ತು, ಇನ್ನೊಬ್ಬ ತನಗೆಂದರೆ ಸಾಯುವ ತನಕ ಕಾದಾಟ ಎಂದು ಅಲ್ಲಿದೆ. ಶತ್ರುಗಳ ತಲೆಗಳನ್ನು ಎಣ್ಣೆಯಲ್ಲಿ ಕಾಪಿಟ್ಟು ಅತಿಥಿಗಳಿಗೆ ತೋರಿಸುವ ಪದ್ಧತಿಯ ವರ್ಣನೆಯೂ ಗ್ರೀಕರಿಂದ ಬಂದಿದೆ. ದಕ್ಷಿಣ ಫ್ರಾನ್ಸಿನ ರೋಕ್ಪೆರ್ತೂಸಿನಲ್ಲಿ ತಲೆಬುರುಡೆ ಇಡಲು ಗೂಡು ಕೊರೆದ ಕಲ್ಲುಕಂಬಗಳೇ ಸಿಕ್ಕಿವೆ. ದೇವತೆಗಳ ವಿಷಯವೂ ಹೀಗೆಯೇ. ಕಥೆಯ ಲೂಗ್ ಗಾಲ್‌ನಲ್ಲಿ ಲುಗುಸ್. ಲಿಯೋನ್ ನಗರದ ಹಳೆಯ ಹೆಸರು ಲುಗ್ದುನುಮ್. ಬೆಳ್ಳಿಯ ಕೈಯ ನುವಾದನ ಸೋದರರೂಪ ನೋದೆನ್ಸ್‌ಗೆ ಇಂಗ್ಲೆಂಡಿನ ಲಿಡ್ನಿಯಲ್ಲಿ ಗುಡಿಯಿತ್ತು.

ದನಗಳನ್ನು ಅಟ್ಟಿಕೊಂಡು ಹೋಗುವುದೇ ಯುದ್ಧಕ್ಕೆ ಕಾರಣವಾಗುವ ಸಮಾಜ ಹೇಗಿರುತ್ತದೆಂದು ತುರುಗೋಳಿನ ವೀರಗಲ್ಲು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಣಿ ಮೇವ್ ಒಂದು ಹೋರಿಗಾಗಿ ಅಲ್ಸ್ಟರಿನ ಮೇಲೆ ದಂಡೆತ್ತುವ ‘ಟಾಯ್ನ್’ ಕಥೆ ಅಂಥ ಸಮಾಜದ್ದು. 1964ರಲ್ಲಿ ವಿದ್ವಾಂಸ ಕೆನೆತ್ ಜಾಕ್ಸನ್ ಈ ಕಥೆಗಳನ್ನು ‘ಕಬ್ಬಿಣಯುಗಕ್ಕೆ ಕಿಟಕಿ’ ಎಂದು ಕರೆದದ್ದು ಸುಮ್ಮನಲ್ಲ.

ವಿರೋಧ: ಕಿಟಕಿಯ ಗಾಜಿಗೆ ಬಣ್ಣ ಹಚ್ಚಿದವರು ಯಾರು?

ಹನ್ನೆರಡನೆಯ ಶತಮಾನದ ‘ಲೆನ್‌ಸ್ಟರ್ ಪುಸ್ತಕ’ ಎಂಬ ಐರಿಶ್ ಹಸ್ತಪ್ರತಿಯಲ್ಲಿ ‘ಟಾಯ್ನ್’ ಮುಗಿದ ಮೇಲೆ ಎರಡು ಟಿಪ್ಪಣಿಗಳಿವೆ. ಐರಿಶ್‌ನಲ್ಲಿರುವುದು ಕಥೆಯನ್ನು ಇದ್ದಂತೆಯೇ ನೆನಪಿಟ್ಟುಕೊಳ್ಳುವವರಿಗೆ ಆಶೀರ್ವಾದ. ಅದರ ಬೆನ್ನಿಗೇ ಲ್ಯಾಟಿನ್‌ನಲ್ಲಿರುವುದು ಬೇರೆಯೇ ರಾಗ: ಇದರಲ್ಲಿ ಕೆಲವು ದೆವ್ವಗಳ ಮಾಯೆ, ಕೆಲವು ಕವಿಕಲ್ಪನೆ, ಕೆಲವು ಮೂರ್ಖರ ರಂಜನೆಗಾಗಿ ಇರುವಂಥವು, ನಾನಂತೂ ನಂಬುವುದಿಲ್ಲ. ನಮ್ಮ ಕೈಗೆ ಬಂದಿರುವುದು ಇಂಥವರ ಕೈಬರಹ, ಅದೂ ಕಬ್ಬಿಣಯುಗ ಮುಗಿದು ಶತಮಾನಗಳಾದ ಮೇಲೆ.

ಅವರು ಸುಮ್ಮನೆ ನಕಲು ಮಾಡಿದರೆಂದು ನಂಬುವುದು ಕಷ್ಟ. ಐರ್ಲೆಂಡಿನ ಮೊದಲ ನಿವಾಸಿಗಳ ಮುಂದಾಳು ಕೆಸಾರ್ ಬೈಬಲಿನ ನೋಹನ ಮೊಮ್ಮಗಳಂತೆ! ಅಲ್ಸ್ಟರಿನ ದೊರೆ ಕೊಂಖೋಬರ್ ಸಾಯುವುದು ಏಸುವನ್ನು ಶಿಲುಬೆಗೇರಿಸಿದ ಸುದ್ದಿ ಕೇಳಿದ ಆವೇಶದಲ್ಲಿ. ಇದರಲ್ಲಿ ಹಳೆಯ ಧರ್ಮದ ಪಾಲೆಷ್ಟು, ಮಠದ ಪಾಲೆಷ್ಟು ಎಂದು ಅಳೆಯುವ ಮಾನದಂಡ ಯಾರ ಬಳಿ ಇದೆ?

ವಸ್ತುಗಳೂ ಕಥೆಯ ಪರವಾಗಿ ನಿಲ್ಲುವುದಿಲ್ಲ. ಪುರಾತತ್ತ್ವಜ್ಞ ಜೆ. ಪಿ. ಮ್ಯಾಲರಿ ತೋರಿಸಿದಂತೆ, ‘ಟಾಯ್ನ್’ನ ವೀರರು ಝಳಪಿಸುವ ಉದ್ದನೆಯ ಕತ್ತಿಗಳು ಮಧ್ಯಯುಗಕ್ಕೆ ಹೊಂದುತ್ತವೆ, ಐರ್ಲೆಂಡಿನ ಕಬ್ಬಿಣಯುಗದ ಕತ್ತಿಯ ಅಲಗು ಅರ್ಧ ಮೀಟರನ್ನೂ ಮುಟ್ಟುವುದಿಲ್ಲ. ಕಥೆಯ ತುಂಬ ರಥಗಳು ಓಡುತ್ತವೆ, ಆದರೆ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವಂಥ ರಥಸಮಾಧಿ (ಸತ್ತವರನ್ನು ರಥದೊಡನೆ ಹೂಳಿದ ಸಮಾಧಿ) ಐರ್ಲೆಂಡಿನಲ್ಲಿ ಸಿಕ್ಕಿಲ್ಲ. ಹಂದಿಮಾಂಸದ ಹೋಲಿಕೆ ಚೆನ್ನಾಗಿದೆ, ಒಪ್ಪೋಣ. ಆದರೆ ಅದು ಗಾಲ್‌ನ ಮಾತು. ಐರ್ಲೆಂಡಿನವರನ್ನು ಪ್ರಾಚೀನ ಲೇಖಕರು ಕೆಲ್ಟರೆಂದು ಕರೆಯಲೇ ಇಲ್ಲ. ಲೂಗ್, ನುವಾದರ ಹೆಸರು ಹಳೆಯದಿರಬಹುದು. ಅವರಿಗೆ ಯಾವ ಹರಕೆ ಸಲ್ಲುತ್ತಿತ್ತು, ಜನ ಏನು ಬೇಡಿಕೊಳ್ಳುತ್ತಿದ್ದರು ಎಂಬುದನ್ನು ಹೆಸರು ಹೇಳುವುದಿಲ್ಲ.

ಕೊಂಖೋಬರನ ರಾಜಧಾನಿ ಎವಿನ್ ಮಾಖವನ್ನೇ ನೋಡಿ. ಕಥೆಯಲ್ಲಿ ಅದು ವೀರರು ಕುಡಿದು ಮಲಗುವ ಅರಮನೆ. ಅದೇ ಜಾಗವೆಂದು ಗುರುತಿಸಿರುವ, ಆರ್ಮಾ ಬಳಿಯ ನ್ಯಾವನ್ ಕೋಟೆಯಲ್ಲಿ ಅಗೆದಾಗ ಸಿಕ್ಕಿದ್ದು ಕ್ರಿಸ್ತಪೂರ್ವ 95ರ ಸುಮಾರಿಗೆ ಕಡಿದ ಮರದ ನಡುಗಂಬವಿದ್ದ, ಸುಮಾರು 40 ಮೀಟರ್ ಅಗಲದ ದುಂಡನೆಯ ಕಟ್ಟಡ. ಅದರಲ್ಲಿ ಯಾರೂ ವಾಸಿಸಿದ ಗುರುತಿಲ್ಲ. ಕಟ್ಟಿದ ಸ್ವಲ್ಪ ಕಾಲಕ್ಕೇ ಒಳಗೆಲ್ಲ ಕಲ್ಲು ತುಂಬಿ, ಬೆಂಕಿಯಿಟ್ಟು, ಮೇಲೆ ಮಣ್ಣಿನ ದಿಬ್ಬ ಹೊದಿಸಿದ್ದಾರೆ. ಬಹುಶಃ ಆ ಜನರ ಅತಿ ದೊಡ್ಡ ಧಾರ್ಮಿಕ ಕಾರ್ಯ ಅದೇ. ಕಥೆಗಳಲ್ಲಿ ಅದರ ಪ್ರಸ್ತಾಪವೇ ಇಲ್ಲ.