ಸೆನ್ಸರ್‌ಗೆ ಪ್ಯಾಕಿಂಗ್ ಟೇಪ್ ಸುತ್ತುವವರಿಗೆ

ಇವತ್ತು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್ ಕಡೆ ಹೋಗುವ ಸಿಟಿ ಬಸ್ಸಿನಲ್ಲಿ ಒಬ್ಬರು ಕಂಬಿ ಹಿಡಿದು ನಿಂತಿದ್ದರು. ಅರ್ಧ ತೋಳಿನ ಅಂಗಿ ಮೇಲೆ ಸರಿದಿತ್ತು. ತೋಳಿನ ಹೊರಬದಿಯಲ್ಲಿ ಶುಗರ್ ಸೆನ್ಸರ್ (ಹಗಲು ರಾತ್ರಿ ಸಕ್ಕರೆ ಮಟ್ಟ ಅಳೆಯಲು ಚರ್ಮಕ್ಕೆ ಅಂಟಿಸುವ ಸಣ್ಣ ಬಿಲ್ಲೆ), ಅದರ ಮೇಲೆ ಕಂದು ಬಣ್ಣದ ಪ್ಯಾಕಿಂಗ್ ಟೇಪ್. ರಟ್ಟಿನ ಡಬ್ಬಕ್ಕೆ ಹಾಕುತ್ತಾರಲ್ಲ, ಅದೇ, ತೋಳಿಗೆ ಪೂರ್ತಿ ಸುತ್ತು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಪಕ್ಕದವರ ಹೆಗಲು ಬಂದು ಸರಿಯಾಗಿ ಅದಕ್ಕೇ ಬಡಿಯುತ್ತಿತ್ತು. ಮಂಡೆ ಬಿಸಿಯಾಯಿತು. ಅವರ ಮೇಲಲ್ಲ. ಸಾವಿರಗಟ್ಟಲೆ ಕೊಟ್ಟು ತಂದದ್ದು 14 ದಿನ ನಿಲ್ಲಲಿ ಅಂತ ಅವರು ಕೈಗೆ ಸಿಕ್ಕಿದ ಟೇಪ್ ಸುತ್ತಿದ್ದಾರೆ, ಪಾಪ. ಸೆನ್ಸರ್ ಮಾರಿದವರಿಗೆ, ಅಂಟಿಸಿ ಕಳಿಸಿದವರಿಗೆ ಎರಡು ಮಾತು ಹೇಳಲು ಬಾಯಿ ಇರಲಿಲ್ಲವಾ?

ಈ ಸೆನ್ಸರ್ ಹಾಕುವವರ ಜೊತೆಗೇ ನನ್ನ ಕೆಲಸ ಅಂತ ನಿಮಗೆಲ್ಲ ಗೊತ್ತುಂಟು. ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ ಅಂತಲೂ ಗೊತ್ತುಂಟು. ಜನ ಕೇಳುವುದು ಒಂದೇ ಪ್ರಶ್ನೆ: "ಯಾವ ಟೇಪ್ ಒಳ್ಳೇದು?" ಟೇಪ್ ಕಡೆಯ ಮಾತು ಮಾರಾಯ್ರೆ. ಮೊದಲು ಜಾಗ, ಆಮೇಲೆ ಚರ್ಮ, ಆಮೇಲೆ ಅಂಟಿಸುವ ಹೊತ್ತು. ಈ ಮೂರು ನೆಟ್ಟಗಿದ್ದರೆ ಹೆಚ್ಚಿನವರಿಗೆ ಟೇಪೇ ಬೇಡ.

ಇಲ್ಲಿ ಜಾಸ್ತಿ ಕಾಣುವ ಲಿಬ್ರೆ ಸೆನ್ಸರ್ ತೋಳಿನ ಹಿಂಭಾಗಕ್ಕೆ ಅಂತಲೇ ಮಾಡಿದ್ದು. ಹಿಂಭಾಗ ಅಂದರೆ ಹಿಂಭಾಗ. ಲಸಿಕೆ ಚುಚ್ಚುವ ಹೊರಬದಿ ಅಲ್ಲ. ಕನ್ನಡಿ ಎದುರು ಕೈ ಇಳಿಬಿಟ್ಟು ನೇರ ನಿಂತಾಗ ಸೆನ್ಸರ್ ಪೂರ್ತಿ ಕಾಣುತ್ತದೆ ಅಂತಾದರೆ ಜಾಗ ತಪ್ಪಿದೆ. ಹೊರಬದಿಯಲ್ಲಿ ಸ್ನಾಯು ಗಟ್ಟಿ, ಕೈ ಎತ್ತಿದಾಗಲೆಲ್ಲ ಕೆಳಗೆ ಉಬ್ಬುತ್ತದೆ, ಮೇಲಿನ ಚರ್ಮ ಎಳೆಯುತ್ತದೆ, ಅಂಟಿನ ಅಂಚು ಅಲ್ಲಿಂದಲೇ ಬಿಡಲು ಶುರು. ಹಿಂಬದಿಯಲ್ಲಿ ಮೆತ್ತಗಿನ ಕೊಬ್ಬು ಇರುತ್ತದೆ, ಚರ್ಮ ಕಡಿಮೆ ಅಲುಗುತ್ತದೆ. ಹಾಗಂತ ತೀರಾ ಒಳಗೆ, ಕಂಕುಳದ ಕಡೆಗೆ ಹೋದರೆ ನಡೆಯುವಾಗ ಪಕ್ಕೆಗೆ ಉಜ್ಜುತ್ತದೆ. ಮೊಣಕೈಗೆ ಹತ್ತಿರ ಬಂದರೆ ಮೇಜಿಗೆ, ಕುರ್ಚಿಯ ಕೈಗೆ ತಾಗುತ್ತದೆ. ಹೆಗಲಿಗೂ ಮೊಣಕೈಗೂ ಹೆಚ್ಚುಕಡಿಮೆ ನಡುವೆ, ಬೆರಳಲ್ಲಿ ಹಿಡಿದರೆ ಮೆತ್ತಗೆ ಸಿಗುವ ಕಡೆ, ಅದು ಜಾಗ. ಮಚ್ಚೆ, ಹಳೆ ಗಾಯದ ಕಲೆ, ಇನ್ಸುಲಿನ್ ಚುಚ್ಚಿ ಗಂಟಾದ ಜಾಗ ಬೇಡ. ಇನ್ಸುಲಿನ್ ತೋಳಿಗೇ ಹಾಕುವವರು ಸೆನ್ಸರಿನಿಂದ ಕನಿಷ್ಠ 2.5 ಸೆಂಟಿಮೀಟರ್ ದೂರ ಇರಬೇಕು.

ಇನ್ನೂ ಅನುಮಾನ ಇದ್ದರೆ ಮನೆಯ ದಾರಂದದಲ್ಲಿ ನಿಲ್ಲಿ. ಪಕ್ಕಕ್ಕೆ ವಾಲಿ, ತೋಳಿನ ಯಾವ ಭಾಗ ಮರಕ್ಕೆ ತಾಗುತ್ತದೆಯೋ ಅಲ್ಲಿ ಪೆನ್ನಿನಲ್ಲಿ ಗುರುತು ಹಾಕಿ. ಬೆನ್ನಿಗೆ ಹಾಕುವ ಬ್ಯಾಗನ್ನು ಒಮ್ಮೆ ಹಾಕಿ ತೆಗೆಯಿರಿ, ಪಟ್ಟಿ ಎಲ್ಲೆಲ್ಲಿ ಉಜ್ಜಿತು ನೋಡಿ, ಅಲ್ಲೂ ಗುರುತು. ಹೆಂಗಸರು ರವಿಕೆಯ ತೋಳಿನ ಅಂಚು ಎಲ್ಲಿಗೆ ಬರುತ್ತದೆ ಅಂತ ನೋಡಿ. ಬಿಗಿ ರವಿಕೆಯ ಅಂಚು ಸೆನ್ಸರಿನ ಮೇಲೇ ಬಂದರೆ ಪ್ರತಿ ಸಲ ಕೈ ಎತ್ತಿದಾಗಲೂ ಅದನ್ನು ಅಡಿಯಿಂದ ಎಬ್ಬಿಸುತ್ತದೆ. ಗುರುತು ಬೀಳದೆ ಉಳಿದ ಜಾಗ ನಿಮ್ಮದು. ಎರಡು ನಿಮಿಷದ ಕೆಲಸ. ಯಾವ ಅಂಗಡಿಯಲ್ಲಿ ಹೇಳುತ್ತಾರೆ ಹೇಳಿ?

ಎಡವೋ ಬಲವೋ? ಮಲಗುವಾಗ ಯಾವ ಮಗ್ಗುಲು ಅಂತ ಮೊದಲು ಕೇಳಿಕೊಳ್ಳಿ. ಸೆನ್ಸರ್ ಮೇಲೆ ಭಾರ ಹಾಕಿ ಮಲಗಿದರೆ ಆ ಜಾಗಕ್ಕೆ ರಕ್ತ ಓಡಾಟ ಕಡಿಮೆಯಾಗಿ, ಚರ್ಮದಡಿಯ ದ್ರವದಲ್ಲಿ ಸಕ್ಕರೆ ಇಳಿದ ಹಾಗೆ ಕಾಣುತ್ತದೆ. ಸೆನ್ಸರ್ ಅಳೆಯುವುದು ಆ ದ್ರವವನ್ನೇ, ರಕ್ತವನ್ನಲ್ಲ. ರಾತ್ರಿ ಎರಡು ಗಂಟೆಗೆ ಶುಗರ್ 60ಕ್ಕೆ ಇಳಿಯಿತು ಅಂತ ಅಲಾರಾಂ ಹೊಡೆಯುತ್ತದೆ, ಮನೆಯವರೆಲ್ಲ ಎದ್ದು ಗ್ಲುಕೋಸ್ ಕಲಸಿ ಕುಡಿಸುತ್ತಾರೆ, ಬೆಳಿಗ್ಗೆ ಶುಗರ್ ಮೇಲೇರಿ ಕೂತಿರುತ್ತದೆ, ಬೈಗುಳ ಡಾಕ್ಟರಿಗೆ. ಎದ್ದು ಕೂತು ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿ. ಅಲ್ಲಿ ಸರಿ ಇದ್ದರೆ ತೋಳು ಅಡಿಯಾದದ್ದು, ಅಷ್ಟೇ. ಆದರೆ ಬೆವರು, ನಡುಕ ಇದ್ದರೆ ಮೀಟರ್ ಹುಡುಕುತ್ತಾ ಕೂರಬೇಡಿ, ಮೊದಲು ಸಕ್ಕರೆ ಬಾಯಿಗೆ. ಬಸ್ಸಿನ ಮಾತು ಮತ್ತೆ ಎತ್ತುತ್ತೇನೆ: ತೋಳಿಗೆ ಬಿಗಿಯಾಗಿ ಸುತ್ತಿದ ಟೇಪ್ ಹಗಲಿಡೀ ಮಾಡುವುದೂ ಇದೇ ಒತ್ತುವ ಕೆಲಸ. ಸೆನ್ಸರ್ ಉಳಿಯಿತು, ಲೆಕ್ಕ ಹೋಯಿತು.

ಈಗ ಚರ್ಮ. ನಮ್ಮ ಊರಿನ ಸೆಕೆಯಲ್ಲಿ ಮಿಂದು ಬಂದ ಕೂಡಲೇ ಮತ್ತೆ ಬೆವರುತ್ತದೆ. ಬಿಸಿ ನೀರು ಮಿಂದರಂತೂ ಕೇಳುವುದೇ ಬೇಡ. ಬಚ್ಚಲಿನಿಂದ ಬಂದು ಬೈರಾಸಿನಲ್ಲಿ ಒರೆಸಿ ಹಾಗೇ ಅಂಟಿಸಿದರೆ ಬೆವರಿನ ಮೇಲೆ ಅಂಟಿಸಿದ ಹಾಗೆ. ಸಾದಾ ಸೋಪಿನಲ್ಲಿ ತೋಳು ತೊಳೆಯಿರಿ. ಮಾಯಿಶ್ಚರೈಸರ್ ಇರುವ ಸೋಪು ಬೇಡ, ಅದು ಚರ್ಮದ ಮೇಲೆ ಜಿಡ್ಡಿನ ಪದರ ಬಿಡುತ್ತದೆ. ತೆಂಗಿನೆಣ್ಣೆ ಹಚ್ಚಿ ಮೀಯುವವರು ಆ ದಿನ ಎಣ್ಣೆ ತಲೆಗೂ ಬೇಡ. ಕೂದಲಿನಿಂದ ಇಳಿದು ತೋಳಿಗೆ ಬರುತ್ತದೆ. ಆಮೇಲೆ ಫ್ಯಾನಿನಡಿ 20 ನಿಮಿಷ ಕೂತು ಬೆವರು ನಿಲ್ಲಲಿ. ಸ್ಪಿರಿಟ್ ಸ್ವಾಬಿನಲ್ಲಿ ನಡುವಿನಿಂದ ಹೊರಕ್ಕೆ ಒರೆಸಿ, ತಾನಾಗಿ ಒಣಗಲು ಬಿಡಿ. ಬಾಯಲ್ಲಿ ಊದಬೇಡಿ! ಊದಿದರೆ ಹೋಗುವುದು ಉಗುರಿನಷ್ಟು ತೇವ, ಬರುವುದು ಬಾಯಿಯ ಕ್ರಿಮಿ. ಸ್ಪಿರಿಟ್ ಹಸಿ ಇರುವಾಗ ಚುಚ್ಚಿದರೆ ಉರಿ ಬೇರೆ, ಅಂಟು ಬೇರೆ ಹಿಡಿಯುವುದಿಲ್ಲ. ಕೂದಲು ಜಾಸ್ತಿ ಇರುವ ತೋಳಾದರೆ ಟ್ರಿಮ್ಮರಿನಲ್ಲಿ ಸಣ್ಣ ಮಾಡಿ, ಅದೂ ಹಿಂದಿನ ದಿನ. ಬ್ಲೇಡ್ ಹಾಕಿ ಕೆರೆದ ಚರ್ಮದ ಮೇಲೆ ಎರಡು ವಾರ ಅಂಟು ಹಾಕಿಟ್ಟರೆ ತುರಿಕೆ ಗ್ಯಾರಂಟಿ.

ಅಂಟಿಸುವಾಗ ಕೈಯನ್ನು ಎದುರು ಭುಜದ ಮೇಲಿಟ್ಟುಕೊಳ್ಳಿ, ಹಿಂಬದಿಯ ಚರ್ಮ ಸಮ ಆಗುತ್ತದೆ. ಸೆನ್ಸರ್ ಚುಚ್ಚಿ ಕೂರಿಸುವ ಅಪ್ಲಿಕೇಟರನ್ನು ಗಟ್ಟಿಯಾಗಿ, ನೇರವಾಗಿ ಒತ್ತಿ, ಕ್ಲಿಕ್ ಅಂದ ಮೇಲೂ ಕೆಲವು ಸೆಕೆಂಡ್ ಹಿಡಿದೇ ಇರಿ, ಆಮೇಲೆ ಮೆಲ್ಲ ಎತ್ತಿ. ಓರೆ ಎಳೆದರೆ ಸೆನ್ಸರೂ ಜೊತೆಗೇ ಎದ್ದು ಬರುತ್ತದೆ. ಬಳಿಕ ಬೆರಳಿನಲ್ಲಿ ಸುತ್ತಲೂ ಅಂಚನ್ನು ಒಂದು ನಿಮಿಷ ಒತ್ತುತ್ತಾ ಹೋಗಿ. ಈ ಅಂಟು ಒತ್ತಡಕ್ಕೆ, ಮೈಯ ಬಿಸಿಗೆ, ಹೊತ್ತು ಹೋದ ಹಾಗೆ ಗಟ್ಟಿಯಾಗುವ ಜಾತಿಯದ್ದು. ಹಾಗಾಗಿ ರಾತ್ರಿ ಊಟದ ನಂತರ ಅಂಟಿಸಿ, ಮರುದಿನ ಬೆಳಿಗ್ಗೆಯವರೆಗೆ ನೀರು, ಆಟ, ಜಿಮ್ ಏನೂ ಬೇಡ. ನಮ್ಮವರು ಎಂತ ಮಾಡುತ್ತಾರೆ? ಸಂಜೆ ಐದಕ್ಕೆ ಅಂಟಿಸಿಕೊಂಡು ಆರಕ್ಕೆ ವಾಲಿಬಾಲ್ ಕೋರ್ಟಿಗೆ ಇಳಿಯುತ್ತಾರೆ. ಏಳಕ್ಕೆ ಸೆನ್ಸರ್ ಮಣ್ಣಲ್ಲಿ. "ಇದೆಲ್ಲ ಮೋಸ ಮಾರಾಯ, ದುಡ್ಡು ಹೊಡೆಯುವ ದಂಧೆ."

"ಕಂಪೆನಿಯ ಅಂಟು 14 ದಿನಕ್ಕೇ ಅಂತ ಮಾಡಿದ್ದಲ್ವಾ, ಇಷ್ಟೆಲ್ಲ ಎಂತಕ್ಕೆ?" ಅಂತ ಈಗಾಗಲೇ ಒಬ್ಬರಾದರೂ ಕಮೆಂಟ್ ಟೈಪ್ ಮಾಡುತ್ತಿರುತ್ತಾರೆ. ಹೌದು, 14 ದಿನಕ್ಕೇ ಮಾಡಿದ್ದು. ಒಣ ಚರ್ಮದ ಮೇಲೆ, ಹೇಳಿದ ಜಾಗದಲ್ಲಿ. ಏಸಿ ರೂಮಿನಲ್ಲಿ ಕೂತು ಕೆಲಸ ಮಾಡುವವರಿಗೆ ನಿಲ್ಲುತ್ತದೆ ಕೂಡ. ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಎತ್ತುವವರಿಗೆ ಮೇ ತಿಂಗಳಲ್ಲಿ ಅದೇ ಲೆಕ್ಕ ಹೇಳಿ ನೋಡುವ. ಮತ್ತೊಂದು ವಾದ, "ಹೊಟ್ಟೆಗೆ ಹಾಕಿದರೆ ಯಾರಿಗೂ ಕಾಣುವುದಿಲ್ಲ, ಬಡಿಯುವುದೂ ಇಲ್ಲ". ಹೊಟ್ಟೆಗೆ ಒಪ್ಪಿಗೆ ಇರುವ ಸೆನ್ಸರ್ ಉಂಟು, ಡೆಕ್ಸ್‌ಕಾಮ್ ಜಿ6 ಅಂಥದ್ದು. ಲಿಬ್ರೆ ಅದಲ್ಲ. ಮತ್ತೆ, ಮುಂಡು, ಬೆಲ್ಟು, ಸೀರೆಯ ಕಟ್ಟು ಎಲ್ಲ ಹೊಟ್ಟೆಯ ಮೇಲೇ ಇರುವುದಲ್ಲವಾ?

ಸರಿ, ಬೆವರು ಜಾಸ್ತಿ, ಓಡಾಟದ ಕೆಲಸ, ಟೇಪ್ ಬೇಕೇ ಬೇಕು ಅನ್ನುವವರಿಗೆ. ಪ್ಯಾಕಿಂಗ್ ಟೇಪ್, ಸೆಲ್ಲೋ ಟೇಪ್, ಕರೆಂಟಿನವರ ಕಪ್ಪು ಟೇಪ್ ಯಾಕೆ ಬೇಡ ಅಂದರೆ ಅವು ಬೆವರಿನ ಆವಿಯನ್ನು ಹೊರಗೆ ಬಿಡುವುದಿಲ್ಲ. ಬೆವರು ಅಡಿಯಲ್ಲೇ ನಿಂತು, ಸೆನ್ಸರಿನ ಸ್ವಂತ ಅಂಟನ್ನೇ ಒಳಗಿನಿಂದ ಬಿಡಿಸುತ್ತದೆ. ಮೇಲಿಂದ ಭದ್ರ ಕಾಣುತ್ತದೆ, ಅಡಿಯಲ್ಲಿ ಚರ್ಮ ಬೆಂದು ಬೆಳ್ಳಗಾಗಿರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಟೆಗಾಡರ್ಮ್ ತರಹದ ಪಾರದರ್ಶಕ ಫಿಲ್ಮ್ ಸಿಗುತ್ತದೆ, ಆವಿ ಹೋಗುವಂಥದ್ದು. ಲಿಬ್ರೆ 2 ಅನ್ನುವ ಸೆನ್ಸರ್ ಸುಮಾರು 3.5 ಸೆಂಟಿಮೀಟರ್ ಅಗಲ. 10-12 ಸೆಂಟಿಮೀಟರಿನ ಫಿಲ್ಮನ್ನು ಸುಮಾರು 7.5ರ ಉರುಟಾಗಿ ಕತ್ತರಿಸಿ, ನಡುವೆ 2.5ರಷ್ಟು ತೂತು ತೆಗೆಯಿರಿ. ಆಗ ಫಿಲ್ಮ್ ಸೆನ್ಸರಿನ ಅಂಚಿನ ಮೇಲೆ ಅರ್ಧ ಸೆಂಟಿಮೀಟರ್ ಹತ್ತಿ, ಸುತ್ತಲೂ ಚರ್ಮಕ್ಕೆ 2 ಸೆಂಟಿಮೀಟರ್ ಹಿಡಿಯುತ್ತದೆ. ಸೆನ್ಸರಿನ ನಟ್ಟನಡುವಿನ ಸಣ್ಣ ತೂತು ಯಾವ ಕಾರಣಕ್ಕೂ ಮುಚ್ಚಬಾರದು. ಮೂಲೆ ಬಿಟ್ಟರೆ ಅಂಗಿಗೆ ಸಿಕ್ಕಿ ಏಳುತ್ತದೆ, ಅದಕ್ಕೇ ಉರುಟು. ಆಟಗಾರರು ಮೊಣಕಾಲಿಗೆ ಹಾಕುವ ಬಣ್ಣದ ಎಲಾಸ್ಟಿಕ್ ಟೇಪೂ ಆಗುತ್ತದೆ, ಆದರೆ ಎಳೆದು ಅಂಟಿಸಬೇಡಿ. ಎಳೆದ ಟೇಪ್ ಮತ್ತೆ ಕುಗ್ಗಲು ನೋಡುತ್ತದೆ, ಚರ್ಮದಲ್ಲಿ ಬೊಕ್ಕೆ ಬರುತ್ತದೆ. ಮುಖ್ಯವಾದದ್ದು: ಇದನ್ನು ಸೆನ್ಸರ್ ಹಾಕಿದ ದಿನವೇ ಹಾಕಬೇಕು. ಮೂರು ದಿನ ಬಿಟ್ಟು, ಅಂಚು ಎದ್ದು, ಧೂಳು ಹೊಕ್ಕ ಮೇಲೆ ಹಾಗೇ ಹಾಕುವುದು ಪೊಕ್ಕಡೆ, ದಂಡ.

ಇನ್ನು ದಿನದ ಓಡಾಟ. ಸೆನ್ಸರ್ ಕೀಳುವುದರಲ್ಲಿ ನನ್ನ ಪ್ರಕಾರ ನಂಬರ್ ಒನ್ ಹೆಲ್ಮೆಟ್. ತಲೆಯಲ್ಲಿರುವಾಗ ಅಲ್ಲ. ಗಾಡಿ ನಿಲ್ಲಿಸಿ ಹೆಲ್ಮೆಟನ್ನು ತೋಳಿಗೆ ಏರಿಸಿಕೊಂಡು ಮೀನು ಮಾರ್ಕೆಟಿಗೆ ಹೋಗುತ್ತೀರಲ್ಲ, ಆಗ. ಅದರ ಅಂಚು ಸೆನ್ಸರಿನ ಅಡಿಗೇ ಹೊಗುತ್ತದೆ. ಮಳೆಗಾಲದಲ್ಲಿ ರೈನ್‌ಕೋಟ್. ಒದ್ದೆಯಾದ ತೋಳನ್ನು ಒಳಗು ಹೊರಗಾಗಿ ಎಳೆದು ಬಿಸಾಡಿದರೆ ಜೊತೆಗೆ ಇದೂ ಹೋಗುತ್ತದೆ. ಅಂಗಿಯಾಗಲಿ ಕೋಟಾಗಲಿ, ಹಾಕುವಾಗ ಸೆನ್ಸರ್ ಇರುವ ಕೈ ಮೊದಲು, ತೆಗೆಯುವಾಗ ಅದು ಕಡೆಗೆ. ಉಡುಪಿ ಮಠದಲ್ಲಿ ಅಂಗಿ ಬನಿಯನ್ ತೆಗೆಯುವಾಗಲೂ ಇದೇ ಕ್ರಮ. ಅಲ್ಲಿ "ಇದೆಂತ, ಚಿಪ್ಪಾ?" ಅಂತ ಮುಟ್ಟಿ ನೋಡುವವರಿಗೆ ಎಂತ ಹೇಳಬೇಕು ಅಂತ ಮಾತ್ರ ನನಗೂ ಹೊಳೆದಿಲ್ಲ. ಯಕ್ಷಗಾನದ ವೇಷಧಾರಿಗಳು ಭುಜಕೀರ್ತಿ, ತೋಳಿನ ಆಭರಣದ ಕಟ್ಟು ಎಲ್ಲಿ ಬರುತ್ತದೆ ಅಂತ ಕಟ್ಟಿ ನೋಡಿಯೇ ಜಾಗ ಆರಿಸಿ. ಆ ಕಟ್ಟಿನಡಿ ಸೆನ್ಸರ್ ಸಿಕ್ಕಿದರೆ ಆಟ ಮುಗಿಯುವ ತನಕ ಸುಳ್ಳು ಲೆಕ್ಕವೇ.

ಮಳೆಯಲ್ಲಿ ನೆನೆಯುವುದಕ್ಕೆ ಹೆದರಬೇಡಿ. ಲಿಬ್ರೆ ಸೆನ್ಸರ್ ಒಂದು ಮೀಟರ್ ಆಳದಲ್ಲಿ 30 ನಿಮಿಷ ತಾಳುತ್ತದೆ. ಪಣಂಬೂರಿನಲ್ಲಿ ಅಲೆಗೆ ಎದೆ ಕೊಡುವುದು ಬೇರೆ ವಿಷಯ, ಅಲ್ಲಿ ಹೊಯಿಗೆ ಅಂಚಿನಡಿ ಹೋಗಿ ಕೂರುತ್ತದೆ. ನೆನೆದ ಮೇಲೆ ಬೈರಾಸಿನಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಒದ್ದೆ ಅಂಗಿಯಲ್ಲೇ ದಿನವಿಡೀ ಇದ್ದರೆ ಅಂಟು ಹೋಗುತ್ತದೆ, ಮಳೆಯಿಂದಲ್ಲ.

ಅಂಚು ಸ್ವಲ್ಪ ಎದ್ದರೆ ಎದ್ದಷ್ಟನ್ನು ಕತ್ತರಿಯಲ್ಲಿ ಕತ್ತರಿಸಿ, ಒಣಗಿಸಿ, ಮೇಲೆ ಫಿಲ್ಮ್ ಹಾಕಬಹುದು. ಇಡೀ ಸೆನ್ಸರೇ ಅಲುಗುತ್ತಿದ್ದರೆ ಅದರ ಕಥೆ ಮುಗಿಯಿತು. ಒಳಗಿರುವುದು ಸುಮಾರು 5 ಮಿಲಿಮೀಟರಿನ ಬಳುಕುವ ಎಳೆ. ಚುಚ್ಚಿದ ಸೂಜಿ ಅಪ್ಲಿಕೇಟರಿನೊಂದಿಗೆ ಹಿಂದೆ ಹೋಗಿರುತ್ತದೆ, ಎಳೆಯನ್ನು ಕೈಯಲ್ಲಿ ಒತ್ತಿ ಪುನಃ ತೂರಿಸಲು ಆಗುವುದಿಲ್ಲ. ಫೆವಿಕ್ವಿಕ್ ಹಾಕಿ ಕೂರಿಸಿದವರಿದ್ದಾರೆ. ನಂಬಿ. ಅಂಟಿನ ಸುತ್ತ ತುರಿಕೆ, ಕೆಂಪು ಬಂದರೆ ಅಲರ್ಜಿ ಇರಬಹುದು. ಬಿಸಿ, ನೋವು, ಕೀವು ಅಂದರೆ ಸೋಂಕು, ಕಿತ್ತು ಡಾಕ್ಟರಿಗೆ ತೋರಿಸಿ. "ಇನ್ನೂ ಆರು ದಿನ ಬಾಕಿ ಉಂಟು" ಅಂತ ದುಡ್ಡಿನ ಮುಖ ನೋಡಬೇಡಿ.

ಅವಧಿ ಮುಗಿದು ತೆಗೆಯುವಾಗ ಈ ಮೊದಲು ಬೇಡ ಅಂದ ತೆಂಗಿನೆಣ್ಣೆಯೇ ಬೇಕು. ಅಂಚಿಗೆ ಹಚ್ಚಿ ಐದು ನಿಮಿಷ ಬಿಟ್ಟು, ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು ಮೆಲ್ಲ ಸುರುಳಿ ಸುತ್ತಿದ ಹಾಗೆ ತೆಗೆಯಿರಿ. ಹೊಸದು ಇನ್ನೊಂದು ತೋಳಿಗೆ, ಈ ತೋಳಿನ ಚರ್ಮಕ್ಕೆ ಎರಡು ವಾರ ರಜೆ. ಮತ್ತೆ ಅಪ್ಲಿಕೇಟರನ್ನು ಹಾಗೇ ಒಣ ಕಸಕ್ಕೆ ಎಸೆಯುವವರಿಗೆ: ಅದರೊಳಗೆ ಸೂಜಿ ಉಂಟು, ನಿಮ್ಮ ರಕ್ತ ತಾಗಿದ್ದು. ಮುಚ್ಚಳ ಹಾಕಿ, ಇನ್ಸುಲಿನ್ ಸೂಜಿ ಹಾಕುವ ಗಟ್ಟಿ ಡಬ್ಬದಲ್ಲೇ ಹಾಕಿ. ಕಸ ಬೇರೆ ಮಾಡುವವರು ಬರಿಗೈ ಹಾಕುತ್ತಾರೆ.