ಪಾದ್ರಿ ಇಲ್ಲದ ಚರ್ಚು ಯಾರದ್ದು?

ಊರಿಂದ ನೆಂಟರು ಬಂದರೆ ಇಲ್ಲಿ ಕ್ಯಾಲಿಫೋರ್ನಿಯಾದ ಕನ್ನಡದವರು ದೊಡ್ಡ ದೊಡ್ಡ ಮಿಷನ್‌ಗಳನ್ನು, ಅಂದರೆ ಸ್ಪ್ಯಾನಿಷ್ ಪಾದ್ರಿಗಳು ಚರ್ಚಿನ ಸುತ್ತ ಕಟ್ಟಿಸಿದ ನೆಲೆಗಳನ್ನು ತೋರಿಸಿ ಫೋಟೋ ತೆಗೆಸಿ ಕಳಿಸುತ್ತಾರೆ. ನಾನಂತೂ ಪಾಲಾಕ್ಕೇ ಕರೆದೊಯ್ಯುವುದು. ಸ್ಯಾನ್ ಡಿಯೇಗೊ ಕೌಂಟಿಯ ಒಳನಾಡಲ್ಲಿರುವ ಪುಟ್ಟ ಚರ್ಚದು.

ಸ್ಪ್ಯಾನಿಷರ ಕಾಲದಲ್ಲಿ ಇಂಥವನ್ನು ಅಸಿಸ್ಟೆನ್ಸಿಯಾ, ಅಂದರೆ ದೊಡ್ಡ ಮಿಷನ್ನಿನ ಕೈಕೆಳಗಿನ ಉಪಮಿಷನ್ ಅನ್ನುತ್ತಿದ್ದರು. ಪ್ರಾರ್ಥನೆ, ಹೊಲ, ಕಣಜ ಎಲ್ಲ ಇರುತ್ತಿತ್ತು, ಪಾದ್ರಿಯ ವಾಸ ಮಾತ್ರ ಇಲ್ಲ. 1798ರಲ್ಲಿ ಶುರುವಾದ ಸ್ಯಾನ್ ಲೂಯಿಸ್ ರೇ ಮಿಷನ್ನಿನ ಪಾದ್ರಿ ಅಂಟೋನಿಯೊ ಪೇರಿ 1816ರಲ್ಲಿ ಪಾಲಾ ಕಟ್ಟಿಸಿದರು. ಕಟ್ಟಿಸಿದರು ಅಂತ ಸುಮ್ನೆ ಹೇಳ್ತೀವಿ ಅಷ್ಟೇ. ಹಸಿ ಇಟ್ಟಿಗೆ ಹೊತ್ತವರು ಇಲ್ಲಿನ ಮೂಲನಿವಾಸಿ ಲೂಯಿಸೆನ್ಯೊ ಜನ.

ಮಂಗಳೂರು ಕಡೆಯ ನನಗೆ ಇದನ್ನು ನೋಡಿದಾಗ ನಮ್ಮ ಗುರ್ಕಾರರು, ಅಂದರೆ ಚರ್ಚಿನ ಒಂದೊಂದು ವಾಡೆಯ (ವಾರ್ಡಿನ) ಮುಖಂಡರು ನೆನಪಾಗುತ್ತಾರೆ. ಪಾದ್ರಿ ದೂರದಲ್ಲಿದ್ದರೂ ವಾಡೆಯ ಕಷ್ಟಸುಖ ನೋಡಿಕೊಳ್ಳುವವರು ಅವರೇ ಅಲ್ವಾ? ಮಿಷನ್‌ಗಳಲ್ಲೂ ಸ್ಥಳೀಯರಲ್ಲೇ ಆರಿಸಿದ ಅಲ್ಕಾಲ್ದೆ ಎಂಬ ಮುಖಂಡರಿದ್ದರು, ಕೈಯಲ್ಲಿ ಅಧಿಕಾರದ ಕೋಲು. ಆದರೆ ಅವರ ಪಾಡು ಬೇರೆ. ಸ್ಯಾನ್ ಲೂಯಿಸ್ ರೇಯಲ್ಲಿ ಬೆಳೆದ ಲೂಯಿಸೆನ್ಯೊ ಹುಡುಗ ಪಾಬ್ಲೊ ಟಾಕ್ ರೋಮಿನಲ್ಲಿ ಕೂತು ಬರೆದಿಟ್ಟಿದ್ದಾನೆ: ದಿನದ ಸುದ್ದಿ ಪಾದ್ರಿಗೆ ಒಪ್ಪಿಸಿ, ನಾಳೆ ಯಾರು ಎಲ್ಲಿ ಕೆಲಸಕ್ಕೆ ಹೋಗಬೇಕು ಅಂತ ಹಳ್ಳಿಯಲ್ಲಿ ಕೂಗಿ ಹೇಳುವುದು ಅವರ ಕೆಲಸ. ದೀಕ್ಷಾಸ್ನಾನ ಆದವರು ಮಿಷನ್ ಬಿಟ್ಟು ಓಡಿದರೆ ಹಿಡಿದು ತರಲು ಸೈನಿಕರು ಹೋಗುತ್ತಿದ್ದರು. ನಮ್ಮ ಗುರ್ಕಾರರು ಜನರ ಪರ ಪಾದ್ರಿಯ ಹತ್ತಿರ ಜಗಳಕ್ಕೂ ನಿಲ್ಲುತ್ತಾರೆ. ಹೋಲಿಕೆ ಅಲ್ಲಿಗೇ ಮುಗಿಯಿತು.

ಹೀಗಿದ್ದೂ ಚರ್ಚನ್ನು ಉಳಿಸಿಕೊಂಡವರು ಅದೇ ಜನರ ಮಕ್ಕಳು ಮೊಮ್ಮಕ್ಕಳು. 1833ರಲ್ಲಿ ಮೆಕ್ಸಿಕೊ ಸರ್ಕಾರ ಮಿಷನ್‌ಗಳ ಅಧಿಕಾರ ಕಿತ್ತುಕೊಂಡಿತು, ಜಮೀನು ಯಾರ್‍ಯಾರದ್ದೋ ಪಾಲಾಯಿತು. ಜಮೀನಿನ ಕೇಸನ್ನು ಕೋರ್ಟಿನಲ್ಲಿ ಸೋತ ಕುಪೆನ್ಯೊ ಎಂಬ ಇನ್ನೊಂದು ಮೂಲನಿವಾಸಿ ಜನರನ್ನೂ 1903ರಲ್ಲಿ ಅವರ ಊರಿಂದೆಬ್ಬಿಸಿ ಇಲ್ಲಿಗೇ ತಂದು ಬಿಟ್ಟರು. 1916ರ ನೆರೆಗೆ ಗಂಟೆ ಗೋಪುರ ಬಿತ್ತು, ಅದೇ ವರ್ಷ ಎದ್ದು ನಿಂತಿತು. ಚರ್ಚಿಗೆ ಅಂಟಿಕೊಳ್ಳದೆ ಬೇರೆಯಾಗೇ ನಿಂತ ಗೋಪುರ, ಒಂದರ ಮೇಲೊಂದು ಎರಡು ಗಂಟೆ.

ಒಳಗೋಡೆಗಳ ಮೇಲೆ ಲೂಯಿಸೆನ್ಯೊ ಕೈಯ ಚಿತ್ತಾರಗಳಿದ್ದವು. 20ನೇ ಶತಮಾನದ ಆರಂಭದಲ್ಲಿ ಬಂದ ಪಾದ್ರಿಯೊಬ್ಬರು ಅದಕ್ಕೆ ಸುಣ್ಣ ಬಳಿಸಿಬಿಟ್ಟರು. ಜನ ಕೆಂಡವಾದರು. ಆಮೇಲೆ ಚಿತ್ತಾರ ಮತ್ತೆ ಗೋಡೆಗೆ ಬಂತು. ನಮ್ಮ ಕಡೆ ಜೀರ್ಣೋದ್ಧಾರ ಅಂತ ಹಳೇ ಚರ್ಚು, ಹಳೇ ಗುಡಿ ಎರಡನ್ನೂ ಕೆಡವಿ ಕಾಂಕ್ರೀಟು ಸುರಿಯುವಾಗ ನಾವು ಊಟದ ಕೂಪನ್ ಬಗ್ಗೆಯೇ ಜಾಸ್ತಿ ಜಗಳ ಆಡುತ್ತೇವೆ.