ಹಿಂದಿನ ಬೆಂಚಿಗೆ ಬಂದು ಕೂರುವವರು ಬೇಕು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಇಂಗ್ಲೆಂಡಿನಲ್ಲಿ ಕೂತು ನಾನು ಮೊದಲು ಹುಡುಕುವುದು ನಮ್ಮ ಕಡೆಯ ಜಿಲ್ಲೆಗಳನ್ನೇ. 2024ರಲ್ಲಿ ಯಾದಗಿರಿ ಕೊನೆ. 2025ರಲ್ಲಿ ಕಲಬುರಗಿ ಕೊನೆ, ಪಾಸಾದವರು ಶೇ 42.43. ಆಮೇಲೆ ಅವೇ ಮಾತು: ಶಿಕ್ಷಕರಿಲ್ಲ, ಜನ ಗುಳೆ ಹೋಗ್ತಾರೆ, ಮಕ್ಕಳು ಓದಲ್ಲ. ಮೊದಲೆರಡು ನಿಜ. ಮೂರನೆಯದನ್ನು ಒಪ್ಪಲ್ಲ. ಯಾಕೆ ಓದಲ್ಲ ಅಂತ ಆ ಮಗುವಿನ ಪಕ್ಕ ಕೂತು ನೋಡಿದವರು ಯಾರು?

ನನ್ನ ಮಗನಿಗೆ ಓದು ಹತ್ತದಿದ್ದಾಗ ಇಲ್ಲಿನ ಶಾಲೆಯವರು ಎಜುಕೇಷನಲ್ ಸೈಕಾಲಜಿಸ್ಟ್, ಅಂದರೆ ಮಕ್ಕಳ ಕಲಿಕೆಯ ತೊಡಕು ನೋಡುವ ಮನಶ್ಶಾಸ್ತ್ರಜ್ಞರು, ಒಬ್ಬರನ್ನು ಕರೆಸಿದರು. ಅವರು ಕ್ಲಾಸಿನ ಹಿಂದೆ ಪುಟ್ಟ ಕುರ್ಚಿಯಲ್ಲಿ ಕೂತು ಪಾಠ ನಡೆಯುವಾಗ ಇವನನ್ನು ಗಮನಿಸಿದರು, ಆಟಕ್ಕೆ ಬಿಟ್ಟಾಗಲೂ ನೋಡಿದರು, ಟೀಚರ್ ಜೊತೆ ಮಾತಾಡಿದರು, ಮನೆಯಲ್ಲಿ ಯಾವ ಭಾಷೆ ಆಡ್ತೀರಿ ಅಂತ ನಮ್ಮನ್ನು ಕೇಳಿದರು. ಪರೀಕ್ಷೆ ಮಾಡಿದ್ದು ಇಷ್ಟೆಲ್ಲ ಆದ ಮೇಲೆ. ಒಮ್ಮೆಗೆ ಒಂದೇ ಸೂಚನೆ ಕೊಡಿ, ಬೋರ್ಡ್ ನೋಡಿ ಬರೆಸುವ ಬದಲು ಪ್ರಿಂಟ್ ಹಾಳೆ ಕೊಡಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಡಿ ಅಂತ ಟೀಚರಿಗೆ ಬರೆದುಕೊಟ್ಟರು.

ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. 2014ರ ಕಾನೂನಿನಂತೆ ಹೆಚ್ಚಿನ ನೆರವು ಬೇಕಾದ ಮಗುವಿಗೆ ಏನೇನು ಕೊಡಬೇಕು ಅಂತ ಬರೆದ ಯೋಜನೆ 20 ವಾರದಲ್ಲಿ ಕೈಗೆ ಬರಬೇಕು, ಅದಕ್ಕೆ ಸೈಕಾಲಜಿಸ್ಟ್ ಅಭಿಪ್ರಾಯ ಕಡ್ಡಾಯ. ಆದರೆ ಜನ ಸಾಲದೆ ಸುಮಾರು ಅರ್ಧ ಮಕ್ಕಳಿಗೆ ಗಡುವು ಮೀರುತ್ತದೆ. ಆದರೂ ಕೇಳಲು ಒಂದು ಹಕ್ಕಿದೆ, ಬರಲು ಒಬ್ಬರಿದ್ದಾರೆ.

ಶಹಾಪುರದಲ್ಲಿರುವ ಅಕ್ಕನ ಮಗ ಹತ್ತಿ ಮಾರಿದ ಲೆಕ್ಕವನ್ನು ಬಾಯಲ್ಲೇ ಹೇಳ್ತಾನೆ. ಬರೆಯಲು ಕೂತರೆ ಒತ್ತಕ್ಷರಗಳೆಲ್ಲ ಬಿಟ್ಟುಹೋಗುತ್ತವೆ. ಶಾಲೆಯಲ್ಲಿ ಅವನಿಗೆ ದಡ್ಡ ಅನ್ನೋ ಹೆಸರು. ಸೈಕಾಲಜಿಸ್ಟ್ ಹತ್ರ ತೋರಿಸೋಣ ಅಂದರೆ ಅಕ್ಕ, "ಹುಡುಗನ ತಲಿ ಕೆಟ್ಟದ ಅಂತೀಯೇನೋ ತಮ್ಮಾ?" ಅಂದಳು. ಅವಳದೇನೂ ತಪ್ಪಿಲ್ಲ, ಅಂಥವರನ್ನು ಶಾಲೆಯಲ್ಲಿ ಅವಳು ಕಂಡೇ ಇಲ್ಲ. ಕಲಿಕಾ ನ್ಯೂನತೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ, ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯವೂ ಸಿಗುತ್ತದೆ. ಆ ಸರ್ಟಿಫಿಕೇಟಿಗೆ ನಮಗೆ ಸಿಕ್ಕ ಸಲಹೆ "ಬೆಂಗಳೂರಿಗೆ ಹೋಗಿ" ಅಂತ. ರಾತ್ರಿಯಿಡೀ ಬಸ್ಸು, ಮೇಲೆ ಕೂಲಿ ಕಳಕೊಳ್ಳಬೇಕು. ಹೋಗಿ ಬಂದರೂ ಆ ಕಾಗದ ಓದಿ ಕ್ಲಾಸಿನಲ್ಲಿ ಏನು ಬದಲಿಸಬೇಕು ಅಂತ ಮೇಷ್ಟ್ರಿಗೆ ಹೇಳಿಕೊಡೋರು ಯಾರು?

ನಮ್ಮ ಕಡೆ ಇನ್ನೊಂದು ತೊಡಕಿದೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಗುರುಮಠಕಲ್ ಕಡೆ ತೆಲುಗು, ಬೀದರಿನಲ್ಲಿ ಮರಾಠಿ, ಉರ್ದು. ಒಂದನೇ ಕ್ಲಾಸಿನಲ್ಲಿ ಕನ್ನಡ ಓದಲು ಬರದಿದ್ದರೆ ಅದು ಡಿಸ್ಲೆಕ್ಸಿಯಾ ಅನ್ನೋ ಓದು ಬರಹದ ಕಲಿಕಾ ನ್ಯೂನತೆಯೋ, ಭಾಷೆ ಹೊಸದೋ? ಇದನ್ನು ಬೇರೆ ಮಾಡಿ ಹೇಳಲು ಮಗುವಿನ ಮಾತು ಬಲ್ಲವರೇ ಬೇಕು. ಬೆಂಗಳೂರಿನ ಕೋಣೆಯಲ್ಲಿ ಒಂದು ಗಂಟೆ ನೋಡಿದರೆ ಸಾಲಲ್ಲ.

ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರ ಹುದ್ದೆ ಈಗಾಗಲೇ ಇದೆ. ಅವರ ಜೊತೆಗೆ ಒಬ್ಬ ಸೈಕಾಲಜಿಸ್ಟ್ ಕೊಡಿ, ಓಡಾಡಲು ಒಂದು ಜೀಪು ಕೊಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಶಾಲೆಗೆ ಕೋಣೆ ಕಟ್ಟಿಸುವಾಗ ಈ ಸಂಬಳಕ್ಕೂ ಸ್ವಲ್ಪ ಎತ್ತಿಡಿ. ಯಾದಗಿರಿಯಿಂದಲೇ ಶುರುವಾಗಲಿ.